ಯುನಾ ಕಿಮ್‌ಗೆ 20 ಲಕ್ಷ ಸಹಿ: ಸಿಟ್ಟು ಸರಿ, ತಟ್ಟಬೇಕಾದ ಬಾಗಿಲು ಯಾವುದು?

ಫಿಗರ್ ಸ್ಕೇಟಿಂಗ್ ತೀರ್ಪುಗಾರಿಕೆಯ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದವುಗಳಲ್ಲಿ ಹೆಚ್ಚಿನವು ಒಂದೇ ರಾತ್ರಿಯ ಕುರಿತಾಗಿವೆ: 2014ರ ಫೆಬ್ರವರಿ 20, ರಷ್ಯಾದ ಸೋಚಿ ಒಲಿಂಪಿಕ್ಸ್, ಮಹಿಳೆಯರ ಫ್ರೀ ಸ್ಕೇಟ್ (ಸ್ಪರ್ಧೆಯ ಎರಡು ಹಂತಗಳಲ್ಲಿ ಕೊನೆಯದು; ಮೊದಲನೆಯದು ಶಾರ್ಟ್ ಪ್ರೋಗ್ರಾಂ). ಹಾಗಾಗಿ ಅದನ್ನೇ ಹಿಡಿದು ಉತ್ತರಿಸಿದ್ದೇವೆ.

ಯುನಾ ಕಿಮ್ ಒಮ್ಮೆಯೂ ಎಡವಲಿಲ್ಲ, ಬೆಳ್ಳಿ ಸಿಕ್ಕಿತು. ರಷ್ಯಾದ ಹುಡುಗಿ ಎಡವಿದಳು, ಚಿನ್ನ ಸಿಕ್ಕಿತು. ಲಕ್ಷಗಟ್ಟಲೆ ಜನ ಸಹಿ ಹಾಕಿದರೂ ಏನೂ ಬದಲಾಗಲಿಲ್ಲ. ಅಂದು ನಡೆದದ್ದಾದರೂ ಏನು?
— ಶಿವಮೊಗ್ಗದ ಓದುಗರೊಬ್ಬರು

ದಕ್ಷಿಣ ಕೊರಿಯಾದ ಯುನಾ ಕಿಮ್ 2010ರಲ್ಲಿ ವ್ಯಾಂಕೂವರ್‌ನಲ್ಲಿ 228.56 ಅಂಕಗಳ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದಿದ್ದರು. ಸೋಚಿಯಲ್ಲೂ ಗೆದ್ದಿದ್ದರೆ ಸೋನ್ಯಾ ಹೆನಿ, ಕಟರೀನಾ ವಿಟ್ ನಂತರ ಸತತ ಎರಡು ಒಲಿಂಪಿಕ್ ಚಿನ್ನ ಪಡೆದ ಮೂರನೇ ಮಹಿಳೆಯಾಗುತ್ತಿದ್ದರು. ಮೊದಲ ದಿನದ ಶಾರ್ಟ್ ಪ್ರೋಗ್ರಾಂನಲ್ಲಿ ಅವರು 74.92 ಅಂಕ ಪಡೆದು ಮುಂದಿದ್ದರು. ರಷ್ಯಾದ 17 ವರ್ಷದ ಅಡೆಲಿನಾ ಸೊಟ್ನಿಕೊವಾಗೆ 74.64, ಇಟಲಿಯ ಕ್ಯಾರೊಲಿನಾ ಕೊಸ್ಟ್ನರ್‌ಗೆ 74.12. ಮೂವರ ನಡುವೆ ಒಂದು ಅಂಕದ ಅಂತರವೂ ಇರಲಿಲ್ಲ.

ಮರುದಿನದ ಫ್ರೀ ಸ್ಕೇಟ್‌ನಲ್ಲಿ ಸೊಟ್ನಿಕೊವಾ 149.95 ಪಡೆದರು. ಎಲ್ಲರಿಗಿಂತ ಕೊನೆಗೆ ಇಳಿದ ಕಿಮ್‌ಗೆ ಬಂದದ್ದು 144.19. ಒಟ್ಟು 224.59 ಮತ್ತು 219.11, ವ್ಯತ್ಯಾಸ 5.48. ಸೊಟ್ನಿಕೊವಾ ಮೂರು ಜಿಗಿತಗಳ ಸರಣಿಯಲ್ಲಿ ಕೊನೆಯದನ್ನು ಇಳಿಯುವಾಗ ಎರಡೂ ಕಾಲು ಊರಿ ತಡವರಿಸಿದ್ದು ಟಿವಿ ನೋಡಿದವರಿಗೆಲ್ಲ ಕಂಡಿತ್ತು. ಅಂಕ ಪ್ರಕಟವಾದ ಕೆಲವೇ ಗಂಟೆಗಳಲ್ಲಿ ತೀರ್ಪಿನ ಬಗ್ಗೆ ತನಿಖೆ ಬೇಕು ಎಂಬ ಆನ್‌ಲೈನ್ ಮನವಿ ಹುಟ್ಟಿಕೊಂಡಿತು. ಸುಮಾರು ಒಂದು ದಿನದಲ್ಲಿ ಸಹಿಗಳು 15 ಲಕ್ಷ ದಾಟಿದವು, ಮುಂದೆ 20 ಲಕ್ಷದ ಸಮೀಪಕ್ಕೆ ಹೋದವು. ಇಷ್ಟಾದರೂ ಫಲಿತಾಂಶ ಕದಲದಿದ್ದಕ್ಕೆ ಕಾರಣ ನಿಯಮದಲ್ಲೇ ಇದೆ. ಅದಕ್ಕೆ ಮುಂದೆ ಬರುತ್ತೇವೆ. ಮೊದಲು ಅಂಕಪಟ್ಟಿ ನೋಡೋಣ. ಅದನ್ನು ಓದದೆ ಹಾಕಿದ ಸಹಿಗೆ ಬಲ ಕಡಿಮೆ.

ಆ 5.48 ಅಂಕ ಎಲ್ಲಿಂದ ಬಂತು? ಲೆಕ್ಕ ಬಿಡಿಸಿ ತೋರಿಸುತ್ತೀರಾ?
— ಮೈಸೂರಿನ ಎಂಜಿನಿಯರಿಂಗ್ ವಿದ್ಯಾರ್ಥಿನಿ

ಖಂಡಿತ. ಸ್ಪರ್ಧೆ ಮುಗಿದ ಮೇಲೆ ಪ್ರತಿ ಸ್ಕೇಟರ್‌ಗೂ 'ಪ್ರೋಟೊಕಾಲ್' ಎಂಬ ವಿವರವಾದ ಅಂಕಪಟ್ಟಿ ಪ್ರಕಟವಾಗುತ್ತದೆ. ಅದರಲ್ಲಿ ಮೇಲೆ ತಾಂತ್ರಿಕ ಅಂಕ, ಕೆಳಗೆ ಪ್ರದರ್ಶನದ ಅಂಕ ಇರುತ್ತದೆ. ತಾಂತ್ರಿಕ ಅಂಕದಲ್ಲಿ ಮತ್ತೆ ಎರಡು ಪಾಲು. ಒಂದು, ಆ ಜಿಗಿತಕ್ಕೋ ಸುತ್ತಿಗೋ ಮೊದಲೇ ಗೊತ್ತುಪಡಿಸಿದ ಮೂಲ ಅಂಕ. ಇನ್ನೊಂದು, ಅದನ್ನು ಎಷ್ಟು ಚೆನ್ನಾಗಿ ಮಾಡಿದರು ಎಂಬುದಕ್ಕೆ ಒಂಬತ್ತು ತೀರ್ಪುಗಾರರು ಕೊಡುವ ಗುಣಾಂಕ. ಆಗ ಈ ಗುಣಾಂಕ -3ರಿಂದ +3ರವರೆಗೆ ಇತ್ತು.

ಫ್ರೀ ಸ್ಕೇಟ್‌ನಲ್ಲಿ ಸೊಟ್ನಿಕೊವಾ ಮೂಲ ಅಂಕ 61.43, ಕಿಮ್‌ದು 57.49. ಅಂದರೆ ಯಾವ ತೀರ್ಪುಗಾರರ ಅಭಿರುಚಿಯೂ ಸೇರುವ ಮೊದಲೇ 3.94 ಅಂಕದ ಅಂತರ. ಇದರಲ್ಲಿ 3.34 ಜಿಗಿತಗಳದ್ದು. ಸೊಟ್ನಿಕೊವಾ ಏಳು ಟ್ರಿಪಲ್ (ಗಾಳಿಯಲ್ಲಿ ಮೂರು ಸುತ್ತಿನ ಜಿಗಿತ) ಹಾಕಿದರು, ಕಿಮ್ ಆರು. ಕಿಮ್‌ರ ಪಟ್ಟಿಯಲ್ಲಿ 5.1 ಅಂಕದ ಟ್ರಿಪಲ್ ಲೂಪ್ ಇರಲಿಲ್ಲ (ಲೂಪ್, ಆಕ್ಸೆಲ್, ಟೋ ಇವೆಲ್ಲ ಜಿಗಿತದ ಬಗೆಗಳು). ಸೊಟ್ನಿಕೊವಾ ಡಬಲ್ ಆಕ್ಸೆಲ್ ಬೆನ್ನಿಗೇ ಟ್ರಿಪಲ್ ಟೋ ಜೋಡಿಸಿದರು, ಅದೂ ಕಾರ್ಯಕ್ರಮದ ದ್ವಿತೀಯಾರ್ಧದಲ್ಲಿ. ಆಗಿನ ನಿಯಮದಲ್ಲಿ ದ್ವಿತೀಯಾರ್ಧದ ಜಿಗಿತಗಳಿಗೆಲ್ಲ ಶೇ 10 ಹೆಚ್ಚುವರಿ. ಆಕ್ಸೆಲ್‌ನ 3.3, ಟೋದ 4.1 ಸೇರಿ 7.4 ಆಗಬೇಕಾದದ್ದು 8.14 ಆಯಿತು. ಉಳಿದ 0.6 ಸ್ಟೆಪ್ ಸೀಕ್ವೆನ್ಸ್‌ನದು, ಅಂದರೆ ಹೆಜ್ಜೆಗಳ ಸರಣಿಯದು. ಸೊಟ್ನಿಕೊವಾಗೆ ಕಠಿಣತೆಯ ನಾಲ್ಕನೇ ಮಟ್ಟ ಸಿಕ್ಕಿತು, ಅದರ ಮೂಲ ಅಂಕ 3.9. ಕಿಮ್‌ಗೆ ಮೂರನೇ ಮಟ್ಟ, 3.3.

ಗುಣಾಂಕದಲ್ಲಿ ಸೊಟ್ನಿಕೊವಾ 14.11, ಕಿಮ್ 12.20. ಇಲ್ಲಿ 1.91 ಅಂತರ. ಪ್ರದರ್ಶನದ ಅಂಕದಲ್ಲಿ ಕಿಮ್ 74.50, ಸೊಟ್ನಿಕೊವಾ 74.41. ಇಲ್ಲಿ ಕಿಮ್ 0.09 ಮುಂದು. 3.94ಕ್ಕೆ 1.91 ಕೂಡಿಸಿ 0.09 ಕಳೆದರೆ ಫ್ರೀ ಸ್ಕೇಟ್‌ನ ಅಂತರ 5.76. ಅದರಲ್ಲಿ ಶಾರ್ಟ್ ಪ್ರೋಗ್ರಾಂನ ಕಿಮ್‌ರ ಮುನ್ನಡೆ 0.28 ಕಳೆದರೆ 5.48. ಪೈಸೆ ಪೈಸೆ ಲೆಕ್ಕ ಸರಿಹೋಗುತ್ತದೆ.

'ಬೀಳದವಳು ಸೋತಳು' ಎಂಬ ಮಾತು ಜನರ ಬಾಯಲ್ಲಿ ಓಡಿದಷ್ಟು ಅಂಕಪಟ್ಟಿಯಲ್ಲಿ ನಿಲ್ಲುವುದಿಲ್ಲ. ಆ ತಡವರಿಕೆಗೆ ಋಣ ಗುಣಾಂಕ ಬಿದ್ದೇ ಇದೆ. ಆದರೆ ಅದು ಜಿಗಿತ, ಸುತ್ತು, ಹೆಜ್ಜೆ ಸೇರಿದ ಹನ್ನೆರಡು ಅಂಶಗಳಲ್ಲಿ ಒಂದು ಅಂಶದ ದಂಡ ಮಾತ್ರ.

ಹಾಗಾದರೆ ತೀರ್ಪು ನ್ಯಾಯವೇ ಎನ್ನುತ್ತೀರಾ? ಅಷ್ಟೊಂದು ಜನರ ಸಿಟ್ಟು ಬರೀ ದೇಶಾಭಿಮಾನವೇ?
— ಉಡುಪಿಯಿಂದ ನಿವೃತ್ತ ಶಿಕ್ಷಕರು

ಇಲ್ಲ ಸರ್. ಸಿಟ್ಟಿಗೆ ಆಧಾರವಿತ್ತು. ಆಧಾರವಿದ್ದ ಜಾಗ ಬೇರೆ.

ಮೊದಲನೆಯದು ಪ್ರದರ್ಶನದ ಅಂಕ. ಆಗ ಐದು ಘಟಕಗಳಿದ್ದವು, ಪ್ರತಿಯೊಂದಕ್ಕೂ ಹತ್ತಕ್ಕೆ ಅಂಕ, ಫ್ರೀ ಸ್ಕೇಟ್‌ನಲ್ಲಿ ಒಟ್ಟನ್ನು 1.6ರಿಂದ ಗುಣಿಸುತ್ತಿದ್ದರು. ಹಿಂದಕ್ಕೆ ಲೆಕ್ಕ ಹಾಕಿದರೆ ಕಿಮ್‌ಗೆ ಘಟಕವೊಂದಕ್ಕೆ ಸರಾಸರಿ 9.31, ಸೊಟ್ನಿಕೊವಾಗೆ 9.30. ಸ್ಕೇಟಿಂಗ್ ಕೌಶಲ, ಸಂಗೀತಕ್ಕೆ ಒಗ್ಗುವ ನಯ, ಒಂದು ಚಲನೆಯಿಂದ ಇನ್ನೊಂದಕ್ಕೆ ಜಾರುವ ಬಗೆ ಇವುಗಳಲ್ಲಿ ಅಂದಿನ ಕಿಮ್‌ಗೂ ಸೊಟ್ನಿಕೊವಾಗೂ ಕೂದಲೆಳೆಯ ವ್ಯತ್ಯಾಸ ಎನ್ನುವುದನ್ನು ನಾವು ಒಪ್ಪುವುದಿಲ್ಲ. ಅದೇ ವರ್ಷದ ಜನವರಿಯಲ್ಲಿ ಬುಡಾಪೆಸ್ಟ್‌ನ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಸೊಟ್ನಿಕೊವಾ ಪಡೆದ ಒಟ್ಟು ಅಂಕ 202.36. ಒಂದೇ ತಿಂಗಳಲ್ಲಿ 22 ಅಂಕ ಏರಿದೆ. ಸ್ವಲ್ಪ ಪಾಲು ಉತ್ತಮ ಜಿಗಿತದ್ದಿರಬಹುದು. ಆದರೆ ಸ್ಕೇಟಿಂಗ್ ಕೌಶಲ ಎಂಬುದು ವರ್ಷಗಟ್ಟಲೆ ಕೂಡಿಬರುವಂಥದ್ದು, ತಿಂಗಳಲ್ಲಿ ಅಷ್ಟು ಬೆಳೆಯುವುದಿಲ್ಲ.

ಈ ಅಂಕ ಎಷ್ಟು ಜಾರುವ ನೆಲ ಎಂಬುದಕ್ಕೆ ಅದೇ ರಾತ್ರಿಯ ಇನ್ನೊಂದು ಸಾಕ್ಷಿ ಜಪಾನಿನ ಮಾವೊ ಅಸಾದಾ. ಮೊದಲ ದಿನ 55.51 ಅಂಕದೊಂದಿಗೆ 16ನೇ ಸ್ಥಾನಕ್ಕೆ ಕುಸಿದಿದ್ದರಿಂದ ಅವರು ಮುಂಚಿನ ಗುಂಪಿನಲ್ಲೇ ಇಳಿಯಬೇಕಾಯಿತು. ಬದುಕಿನ ಅತ್ಯುತ್ತಮ ಎನ್ನಬಹುದಾದ ಸ್ಕೇಟ್ ಮಾಡಿದರು, ತಾಂತ್ರಿಕವಾಗಿ 73.03 ಬಂತು. ಪ್ರದರ್ಶನಕ್ಕೆ ಮಾತ್ರ 69.68. ಮುಂಚೆ ಇಳಿದವರಿಗೆ ಕೈ ಬಿಗಿ, ಕೊನೆಯ ಗುಂಪಿಗೆ ಕೈ ಸಡಿಲ ಎಂಬ ದೂರು ಈ ಆಟದಲ್ಲಿ ಹಳೆಯದು. ಆ ರಾತ್ರಿ ಅನ್ಯಾಯವಾದ ಒಬ್ಬರನ್ನು ಹೆಸರಿಸಿ ಎಂದರೆ ನಾವು ಅಸಾದಾ ಹೆಸರನ್ನೂ ಹೇಳುತ್ತೇವೆ.

ಎರಡನೆಯದು ತಾಂತ್ರಿಕ ಸಮಿತಿಯ ನಿರ್ಧಾರಗಳು. ಯಾವ ಜಿಗಿತ, ಯಾವ ಮಟ್ಟ ಎಂದು ಗುರುತಿಸುವವರು ಇವರು. ಲಟ್ಸ್ ಜಿಗಿತವನ್ನು ಬ್ಲೇಡಿನ ಹೊರ ಅಂಚಿನ ಮೇಲಿಂದಲೇ ಹಾರಬೇಕು. ಒಳ ಅಂಚಿಗೆ ವಾಲಿದರೆ ಅದು ಫ್ಲಿಪ್‌ನಂತೆ ಆಗುತ್ತದೆ, ಪಟ್ಟಿಯಲ್ಲಿ ತಪ್ಪು ಅಂಚಿನ ಗುರುತು ಬೀಳುತ್ತದೆ. ಸೊಟ್ನಿಕೊವಾರ ಲಟ್ಸ್ ಅಂಚಿನ ಬಗ್ಗೆಯೂ ಅದರ ಹಿಂದೆ ಜೋಡಿಸಿದ ಟ್ರಿಪಲ್ ಟೋ ಪೂರ್ತಿ ಸುತ್ತಿತೇ ಎಂಬ ಬಗ್ಗೆಯೂ ಬಲ್ಲವರೇ ತಕರಾರು ಎತ್ತಿದರು. ಕಾಲು ಸುತ್ತಿಗಿಂತ ಹೆಚ್ಚು ಕೊರತೆಯಾದರೆ ಮೂಲ ಅಂಕದ ಶೇ 70ರಷ್ಟೇ ಸಿಗುತ್ತಿತ್ತು. 4.1ರ ಟೋ ಜಿಗಿತ 2.9ಕ್ಕೆ ಇಳಿಯುತ್ತದೆ, ಗುಣಾಂಕವೂ ಜೊತೆಗೆ ಬೀಳುತ್ತದೆ. ಸ್ಟೆಪ್ ಸೀಕ್ವೆನ್ಸ್‌ನ ಮಟ್ಟವೂ ಹಾಗೆಯೇ ಎರಡು ಕಡೆ ಕಚ್ಚುತ್ತದೆ. ನಾಲ್ಕನೇ ಮಟ್ಟಕ್ಕೆ ಗರಿಷ್ಠ ಗುಣಾಂಕ 2.1, ಮೂರನೇ ಮಟ್ಟಕ್ಕೆ 1.5. ಒಂದೇ ಮಟ್ಟದ ನಿರ್ಧಾರದಿಂದ 1.2 ಅಂಕದವರೆಗೆ ಕೈತಪ್ಪಬಹುದು. ಟಿವಿ ಮುಂದೆ ಕೂತವರು ಒಂಬತ್ತು ತೀರ್ಪುಗಾರರನ್ನು ಬೈಯುತ್ತಾರೆ. ಇಂಥ ದೊಡ್ಡ ಏಟು ಕೊಡುವುದು ಹೆಚ್ಚಾಗಿ ಪಕ್ಕದಲ್ಲಿ ಕೂತ ಮೂವರ ತಾಂತ್ರಿಕ ಸಮಿತಿ.

ಒಬ್ಬಿಬ್ಬರು ತೀರ್ಪುಗಾರರು ಸೇರಿಕೊಂಡು ಚಿನ್ನ ಕದಿಯಲು ಸಾಧ್ಯವೇ?
— ಹಾಸನ

ಒಬ್ಬರಿಂದ ಕಷ್ಟ. ಗುಣಾಂಕಗಳಲ್ಲಿ ಅತಿ ಹೆಚ್ಚಿನದು, ಅತಿ ಕಡಿಮೆಯದು ಎರಡನ್ನೂ ಕೈಬಿಟ್ಟು ಉಳಿದ ಏಳರ ಸರಾಸರಿ ತೆಗೆಯುತ್ತಾರೆ. ಉದಾಹರಣೆಗೆ ಒಂದು ಟ್ರಿಪಲ್‌ಗೆ 2, 2, 1, 2, 3, 2, 1, 2, 2 ಬಂದಿದೆ ಎಂದುಕೊಳ್ಳಿ. ಒಂದು 3, ಒಂದು 1 ಹೋದರೆ ಉಳಿದದ್ದರ ಮೊತ್ತ 13, ಸರಾಸರಿ 1.857. ಟ್ರಿಪಲ್ ಜಿಗಿತಕ್ಕೆ ಆಗ ಒಂದು ಮೆಟ್ಟಿಲಿಗೆ 0.7. ಹಾಗಾಗಿ ಸಿಗುವುದು 1.30.

ಈಗ ಒಬ್ಬ ತೀರ್ಪುಗಾರ ಹನ್ನೆರಡೂ ಅಂಶಗಳಲ್ಲಿ ಒಂದೊಂದು ಮೆಟ್ಟಿಲು ಏರಿಸಿದರೂ ಒಟ್ಟು 1.2 ಮೀರುವುದಿಲ್ಲ. ಐದು ಘಟಕಗಳಲ್ಲಿ ಅರ್ಧರ್ಧ ಅಂಕ ಹೆಚ್ಚು ಕೊಟ್ಟರೆ ಇನ್ನೊಂದು 0.57. ಎಲ್ಲವೂ ಲೆಕ್ಕಕ್ಕೆ ಹಿಡಿದವು ಎಂದಿಟ್ಟುಕೊಂಡರೂ 1.8 ಆಗುವುದಿಲ್ಲ. ಎದುರಾಳಿಯನ್ನು ಅಷ್ಟೇ ಕೆಳಗೆ ತಳ್ಳಿದರೆ 3.5ರ ಆಸುಪಾಸು. 5.48 ತಲುಪಬೇಕಾದರೆ ಒಬ್ಬರಿಗಿಂತ ಹೆಚ್ಚು ಜನ ಒಂದೇ ಕಡೆ ವಾಲಬೇಕು, ಇಲ್ಲವೇ ತಾಂತ್ರಿಕ ನಿರ್ಧಾರಗಳೂ ಅತ್ತಲೇ ಸಾಗಬೇಕು. ವಾಲುವುದಕ್ಕೆ ಪಿತೂರಿಯೇ ಬೇಕೆಂದಿಲ್ಲ. ತವರು ಪ್ರೇಕ್ಷಕರ ಕೂಗು ಕಿವಿ ತುಂಬಿದಾಗ ಎಲ್ಲರ ಕೈಯೂ ಅರ್ಧ ಮೆಟ್ಟಿಲು ಮೇಲಕ್ಕೆ ಹೋಗಬಹುದು. ಅದನ್ನು ನಿಯಮದಿಂದ ತಡೆಯುವುದು ಬಹಳ ಕಷ್ಟ.

ತೀರ್ಪುಗಾರರ ಹಿನ್ನೆಲೆಯ ಬಗ್ಗೆಯೇ ಆಕ್ಷೇಪ ಇತ್ತಂತೆ. ನಿಜವೇ?
— ಕಲಬುರಗಿಯ ಓದುಗರು

ನಿಜ. ನಮ್ಮ ದೃಷ್ಟಿಯಲ್ಲಿ ಇಡೀ ಪ್ರಕರಣದ ಅತಿ ದುರ್ಬಲ ಕೊಂಡಿ ಇದೇ. 13 ತೀರ್ಪುಗಾರರಲ್ಲಿ ಒಂಬತ್ತು ಮಂದಿಯನ್ನು ಚೀಟಿ ಎತ್ತಿ ಆರಿಸುತ್ತಿದ್ದರು, ಶಾರ್ಟ್ ಪ್ರೋಗ್ರಾಂಗೂ ಫ್ರೀ ಸ್ಕೇಟ್‌ಗೂ ತಂಡ ಬದಲಾಗುತ್ತಿತ್ತು. ಮೊದಲ ದಿನ ಇದ್ದ ಅಮೆರಿಕ ಮತ್ತು ಕೊರಿಯಾದ ತೀರ್ಪುಗಾರರು ಮರುದಿನ ಇರಲಿಲ್ಲ. ಬಂದವರಲ್ಲಿ ಉಕ್ರೇನಿನ ಯೂರಿ ಬಾಲ್ಕೊವ್ ಒಬ್ಬರು. 1998ರ ನಗಾನೊ ಒಲಿಂಪಿಕ್ಸ್‌ನ ಐಸ್ ಡ್ಯಾನ್ಸ್ ಸ್ಥಾನಗಳ ಬಗ್ಗೆ ಅವರು ಮೊದಲೇ ಮಾತಾಡಿದ್ದನ್ನು ಕೆನಡಾದ ತೀರ್ಪುಗಾರ್ತಿ ಧ್ವನಿಮುದ್ರಿಸಿಕೊಂಡಿದ್ದರು, ಅವರಿಗೆ ಒಂದು ವರ್ಷದ ಅಮಾನತು ಆಗಿತ್ತು. ಇನ್ನೊಬ್ಬರು ರಷ್ಯಾದ ಅಲ್ಲಾ ಶೆಖೊವ್ತ್ಸೊವಾ. ಅವರ ಪತಿ ವ್ಯಾಲೆಂಟಿನ್ ಪಿಸೇವ್ ರಷ್ಯಾದ ಸ್ಕೇಟಿಂಗ್ ಒಕ್ಕೂಟದ ಉನ್ನತ ಅಧಿಕಾರಿ. ತಾಂತ್ರಿಕ ಸಮಿತಿಯ ಮುಖ್ಯಸ್ಥರಾಗಿ ಕೂತವರೂ ರಷ್ಯಾದವರೇ, ಅಲೆಕ್ಸಾಂಡರ್ ಲಕೆರ್ನಿಕ್.

ಇವರು ತಪ್ಪು ಅಂಕ ಕೊಟ್ಟರು ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಒಕ್ಕೂಟದ ದೊಡ್ಡವರ ಮನೆಯವರನ್ನು ಆ ಒಕ್ಕೂಟದ ಹುಡುಗಿಯ ಫೈನಲ್‌ಗೆ ಕೂರಿಸಬಾರದಿತ್ತು. ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟದ (ಐಎಸ್‌ಯು) ಅಂದಿನ ಅಧ್ಯಕ್ಷ ಒಟ್ಟಾವಿಯೊ ಚಿನ್‌ಕ್ವಾಂಟಾ, ಸಂಬಂಧಿಕರೋ ಅಲ್ಲವೋ ಎನ್ನುವುದಕ್ಕಿಂತ ತೀರ್ಪುಗಾರರು ಸಮರ್ಥರಾಗಿರುವುದು ಮುಖ್ಯ ಎಂಬರ್ಥದಲ್ಲಿ ಸಮರ್ಥಿಸಿಕೊಂಡರು. 13 ಜನರ ಪಟ್ಟಿ ಮಾಡುವಾಗ ಸಮರ್ಥರೂ ಸಂಬಂಧವಿಲ್ಲದವರೂ ಆದವರು ಸಿಗುತ್ತಿರಲಿಲ್ಲವೇ?

20 ಲಕ್ಷ ಸಹಿಗೆ ಬೆಲೆಯೇ ಇಲ್ಲವೇ? ಯಾರು, ಎಲ್ಲಿ, ಎಷ್ಟು ಹೊತ್ತಿನೊಳಗೆ ದೂರು ಕೊಡಬೇಕಿತ್ತು?
— ಬೆಂಗಳೂರಿನ ವಕೀಲರು

ನೀವು ಕೇಳಿದ್ದೇ ಈ ಅಂಕಣದ ಹೃದಯ. ಐಎಸ್‌ಯು ನಿಯಮದಲ್ಲಿ ಬಾಗಿಲುಗಳಿವೆ, ಪ್ರತಿಯೊಂದಕ್ಕೂ ಗಡಿಯಾರವಿದೆ.

ತೀರ್ಪುಗಾರರ ತಂಡದ ರಚನೆಯ ಬಗ್ಗೆ ಆಕ್ಷೇಪವಿದ್ದರೆ, ತಂಡದ ಹೆಸರು ಪ್ರಕಟವಾದ ಒಂದು ಗಂಟೆಯೊಳಗೆ ಪ್ರತಿಭಟನೆ ಸಲ್ಲಿಸಬೇಕು. ಬೇರೆ ಸಾಮಾನ್ಯ ಪ್ರತಿಭಟನೆಗಳಿಗೆ ಸ್ಪರ್ಧೆ ಮುಗಿದ 30 ನಿಮಿಷ. ಕೂಡುವ ಕಳೆಯುವ ಲೆಕ್ಕದ ತಪ್ಪಿಗೆ ಮಾತ್ರ 24 ಗಂಟೆ. ಇಲ್ಲೊಂದು ಸೂಕ್ಷ್ಮವಿದೆ: ತಾಂತ್ರಿಕ ಸಮಿತಿ ಜಿಗಿತವನ್ನೋ ಮಟ್ಟವನ್ನೋ ತಪ್ಪಾಗಿ ಗುರುತಿಸಿದ್ದರೆ ಅದು 'ಲೆಕ್ಕದ ತಪ್ಪು' ಅಲ್ಲ, 'ಮನುಷ್ಯ ಸಹಜ ತಪ್ಪು'. ಅದಕ್ಕೆ ಈ ಬಾಗಿಲು ತೆರೆಯುವುದಿಲ್ಲ. ತೀರ್ಪುಗಾರರ ಮೌಲ್ಯಮಾಪನವನ್ನು ಪ್ರಶ್ನಿಸುವ ಪ್ರತಿಭಟನೆಗೆ ಅವಕಾಶವೇ ಇಲ್ಲ. 'ಮರುಮೌಲ್ಯಮಾಪನ ಮಾಡಿ' ಎಂದು ಕೇಳಿದ ಮನವಿ ಬಡಿದದ್ದು ಬಾಗಿಲೇ ಇಲ್ಲದ ಗೋಡೆಗೆ.

ನಡತೆಯ ಬಗ್ಗೆ, ಹಿತಾಸಕ್ತಿ ಸಂಘರ್ಷದ ಬಗ್ಗೆ ದೂರು ಇದ್ದರೆ ಐಎಸ್‌ಯು ಶಿಸ್ತು ಆಯೋಗಕ್ಕೆ 60 ದಿನಗಳೊಳಗೆ ಹೋಗಬಹುದು. ಕೊರಿಯಾದ ಸ್ಕೇಟಿಂಗ್ ಒಕ್ಕೂಟ ಮತ್ತು ಒಲಿಂಪಿಕ್ ಸಮಿತಿ 2014ರ ಏಪ್ರಿಲ್ 10ರಂದು ಹೋದದ್ದು ಇಲ್ಲಿಗೇ. ಸ್ಪರ್ಧೆ ಮುಗಿದು ಆಗ 49 ದಿನವಾಗಿತ್ತು. ಅವರು ಎತ್ತಿದ್ದು ತಂಡದ ರಚನೆಯ ಪ್ರಶ್ನೆಯನ್ನು, ಜೊತೆಗೆ ಶೆಖೊವ್ತ್ಸೊವಾ ಸ್ಪರ್ಧೆಯ ಬಳಿಕ ಸೊಟ್ನಿಕೊವಾರನ್ನು ಅಪ್ಪಿಕೊಂಡ ಸಂಗತಿಯನ್ನು. ಜೂನ್‌ನಲ್ಲಿ ಆಯೋಗ ದೂರನ್ನು ತಳ್ಳಿಹಾಕಿತು. ರಚನೆಯ ಆಕ್ಷೇಪಕ್ಕೆ ಇದ್ದ ಒಂದು ಗಂಟೆ ಫೆಬ್ರವರಿಯಲ್ಲೇ ಮುಗಿದಿತ್ತಲ್ಲ.

ಕೊನೆಯದು ಲೌಸಾನ್‌ನ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ. ಸ್ಪರ್ಧೆಯ ಕಣದಲ್ಲಿ ತೀರ್ಪುಗಾರರು ಕೊಟ್ಟ ನಿರ್ಧಾರವನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಲಂಚ, ದುರುದ್ದೇಶ, ಪಕ್ಷಪಾತ ಸಾಬೀತಾಗಬೇಕು. 'ಅಂಕ ಹೆಚ್ಚಾಯಿತು' ಎಂಬುದು ಸಾಕ್ಷ್ಯವಲ್ಲ. ವಕೀಲರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಮಾತು. ಈ ಯಾವ ಬಾಗಿಲನ್ನೂ ಅಭಿಮಾನಿ ನೇರವಾಗಿ ತಟ್ಟಲಾರ. ಮೊದಲ ಒಂದು ಗಂಟೆಯಲ್ಲಿ ಎಚ್ಚರವಾಗಿರಬೇಕಾದವರು ಒಕ್ಕೂಟದ ಅಧಿಕಾರಿಗಳು. ಅಭಿಮಾನಿಗಳ ಮನವಿ ವಿಳಾಸ ಹಾಕಬೇಕಾದದ್ದು ಮೊದಲು ಅವರಿಗೆ.

2002ರಲ್ಲಿ ಕೆನಡಾ ಜೋಡಿಗೆ ಎರಡನೇ ಚಿನ್ನ ಕೊಟ್ಟರಲ್ಲ. ಕಿಮ್‌ಗೆ ಯಾಕೆ ಕೊಡಲಿಲ್ಲ?
— ದಾವಣಗೆರೆ

ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನಲ್ಲಿ ಜೇಮಿ ಸಲೇ ಮತ್ತು ಡೇವಿಡ್ ಪೆಲ್ಟಿಯೆ ಜೋಡಿ ರಷ್ಯಾದ ಬೆರೆಜ್ನಾಯಾ, ಸಿಖರುಲಿಡ್ಜೆ ಎದುರು 5–4 ಮತಗಳಿಂದ ಸೋತಿತ್ತು. ಅಲ್ಲಿ ಫ್ರಾನ್ಸ್‌ನ ತೀರ್ಪುಗಾರ್ತಿ ಮರಿ-ರೇನ್ ಲ ಗೂನ್ ತನ್ನ ಮೇಲೆ ಒತ್ತಡವಿತ್ತು ಎಂದು ಬಾಯಿಬಿಟ್ಟರು, ಆಮೇಲೆ ಮಾತು ಬದಲಿಸಿದರು. ಬಾಯಿಂದ ಬಂದ ಆ ಮಾತೇ ಸಾಕ್ಷ್ಯವಾಯಿತು. ಒಂಬತ್ತರಲ್ಲಿ ಒಂದು ಮತ ಅಳಿಸಿದರೆ ಫಲಿತಾಂಶವೇ ಉಳಿಯುವುದಿಲ್ಲ ಎಂಬ ಸ್ಥಿತಿಯೂ ಇತ್ತು. ಕೆಲವೇ ದಿನಗಳಲ್ಲಿ ಕೆನಡಾ ಜೋಡಿಗೂ ಚಿನ್ನ ಬಂತು, ಆ ತೀರ್ಪುಗಾರ್ತಿಗೆ ಮೂರು ವರ್ಷ ನಿಷೇಧ. ಸೋಚಿಯಲ್ಲಿ ಯಾರೂ ಹಾಗೆ ಬಾಯಿಬಿಡಲಿಲ್ಲ.

ಆ ಹಗರಣದಿಂದಲೇ ಗರಿಷ್ಠ ಆರು ಅಂಕ ಕೊಡುತ್ತಿದ್ದ ಹಳೆಯ 6.0 ಪದ್ಧತಿ ಹೋಗಿ ಇಂದಿನ ಅಂಕ ಪದ್ಧತಿ ಬಂತು. ತೀರ್ಪುಗಾರರ ಮೇಲೆ ಒತ್ತಡ ಬೀಳದಿರಲಿ ಎಂದು ಯಾರು ಎಷ್ಟು ಕೊಟ್ಟರು ಎಂಬುದನ್ನೂ ಗುಟ್ಟಾಗಿಟ್ಟರು. ಅಂಕಗಳ ಸಾಲನ್ನು ಕಲಸಿ ಪ್ರಕಟಿಸುತ್ತಿದ್ದರು. 2014ರಲ್ಲಿ 'ನಾಲ್ಕನೇ ಕಾಲಂ ಇಂಥವರದ್ದು' ಎಂದು ಹೆಸರು ಬರೆದು ಹಂಚಿದ ಚಿತ್ರಗಳೆಲ್ಲ ಊಹೆಯೇ. ಅವನ್ನು ಈಗಲೂ ಹಂಚುವವರಿದ್ದಾರೆ, ದಯವಿಟ್ಟು ಬಿಟ್ಟುಬಿಡಿ.

ನಮ್ಮ ಸರಿತಾ ದೇವಿಗೂ ಇದೇ ಗತಿಯಾಯಿತಲ್ಲವೇ? ಅದೂ ಕೊರಿಯಾದಲ್ಲೇ.
— ಹುಬ್ಬಳ್ಳಿಯ ಬಾಕ್ಸಿಂಗ್ ಅಭಿಮಾನಿ

ಹೌದು, ಅದೇ 2014ರಲ್ಲಿ, ಇಂಚೆಯಾನ್ ಏಷ್ಯನ್ ಗೇಮ್ಸ್‌ನಲ್ಲಿ. ಸೆಮಿಫೈನಲ್‌ನಲ್ಲಿ ಆತಿಥೇಯ ದೇಶದ ಪಾರ್ಕ್ ಜಿ-ನಾ ಗೆದ್ದರೆಂದು ತೀರ್ಪು ಬಂತು. ಭಾರತದ ಪ್ರತಿಭಟನೆ ಫಲ ಕೊಡಲಿಲ್ಲ. ಪದಕ ಪ್ರದಾನದಲ್ಲಿ ಸರಿತಾ ತಮ್ಮ ಕಂಚನ್ನು ಪಾರ್ಕ್ ಕೊರಳಿಗೇ ಹಾಕಿ ಅತ್ತರು. ದೇಶವೇ ಅವರ ಬೆನ್ನಿಗೆ ನಿಂತಿತು, ಸಚಿನ್ ತೆಂಡೂಲ್ಕರ್ ಕೂಡ ದನಿಗೂಡಿಸಿದರು. ಕೊನೆಗೆ ಅಂತರರಾಷ್ಟ್ರೀಯ ಬಾಕ್ಸಿಂಗ್ ಸಂಸ್ಥೆ ಒಂದು ವರ್ಷದ ನಿಷೇಧ ಹೇರಿದ್ದು ಸರಿತಾ ಮೇಲೆ.

ಫೆಬ್ರವರಿಯಲ್ಲಿ ಕೊರಿಯನ್ನರು ಅತ್ತ ಅಳುವನ್ನೇ ಅಕ್ಟೋಬರ್‌ನಲ್ಲಿ ನಾವು ಅತ್ತೆವು. ಸರಿತಾ ನೋವು ನಮಗೆ ಅರ್ಥವಾಗುತ್ತದೆ. ಆದರೆ ಪದಕ ವೇದಿಕೆಯ ಮೇಲಿನ ಪ್ರತಿಭಟನೆಯಲ್ಲಿ ಪೆಟ್ಟು ತಿನ್ನುವುದು ಕ್ರೀಡಾಪಟುವೇ. ಆ ಹೊರೆ ಅವರ ಹೆಗಲಿಗೆ ಬೀಳದಂತೆ ಒಕ್ಕೂಟದವರು ಮುಂದೆ ನಿಲ್ಲಬೇಕು. ಕಿಮ್ ಅಂದು ತೀರ್ಪಿನ ವಿರುದ್ಧ ಒಂದು ಮಾತೂ ಆಡಲಿಲ್ಲ.

ವಿಡಿಯೊ ನಿಲ್ಲಿಸಿ ನಿಲ್ಲಿಸಿ ತಪ್ಪು ತೋರಿಸುತ್ತಾರಲ್ಲ, ಅದನ್ನು ನಂಬಬಹುದೇ? ನಾವೂ ಮಾಡಿದರೆ ಹೇಗೆ ಮಾಡಬೇಕು?
— ಮಂಗಳೂರಿನ ಪಿಯು ವಿದ್ಯಾರ್ಥಿಗಳು

ಎಚ್ಚರದಿಂದ ಮಾಡಿ. ಮೊದಲು ಪ್ರೋಟೊಕಾಲ್ ಇಳಿಸಿಕೊಳ್ಳಿ, ವಿಡಿಯೊ ಆಮೇಲೆ. ಜಿಗಿತದ ಹೆಸರಿನ ಪಕ್ಕದ ಗುರುತುಗಳನ್ನು ನೋಡಿ. ಇಂಗ್ಲಿಷಿನ ಸಣ್ಣ 'ಇ' ಇದ್ದರೆ ತಪ್ಪು ಅಂಚು, ಒಂದು ಕೋನದ ಗುರುತಿದ್ದರೆ ಸುತ್ತಿನ ಕೊರತೆ, ಎರಡು ಕೋನವಿದ್ದರೆ ಇನ್ನೂ ದೊಡ್ಡ ಕೊರತೆ, 'ಎಕ್ಸ್' ಇದ್ದರೆ ದ್ವಿತೀಯಾರ್ಧದ ಹೆಚ್ಚುವರಿ. ತಾಂತ್ರಿಕ ಸಮಿತಿ ಈಗಾಗಲೇ ದಂಡ ಹಾಕಿರುವ ತಪ್ಪನ್ನೇ 'ಬಿಟ್ಟುಬಿಟ್ಟರು' ಎಂದು ಕೂಗುವುದು ಅಭಿಮಾನಿಗಳು ಪದೇ ಪದೇ ಮಾಡುವ ಎಡವಟ್ಟು.

ಕ್ಯಾಮೆರಾ ಇರುವ ಕೋನ ತುಂಬಾ ಮುಖ್ಯ. ಓರೆಯಿಂದ ತೆಗೆದ ಚಿತ್ರದಲ್ಲಿ ಪೂರ್ತಿ ಸುತ್ತೂ ಕಾಲು ಸುತ್ತು ಕಡಿಮೆಯಂತೆ ಕಾಣುತ್ತದೆ. ಬ್ಲೇಡಿನ ತುದಿ ಮಂಜು ಮುಟ್ಟಿದ ಕ್ಷಣವನ್ನೇ ಹಿಡಿಯಬೇಕು, ಹಿಮ್ಮಡಿ ಊರಿದ ಮೇಲಿನ ಚಿತ್ರವಾದರೆ ಅಷ್ಟರಲ್ಲಿ ಪಾದ ಮಂಜಿನ ಮೇಲೇ ತಿರುಗಿಬಿಟ್ಟಿರುತ್ತದೆ. ಅಂಚು ನೋಡುವಾಗ ಹಾರುವ ಮುಂಚಿನ ಕೊನೆಯ ಕ್ಷಣ ಮುಖ್ಯ, ಅದಕ್ಕಿಂತ ಹಿಂದಿನದಲ್ಲ. ಇಬ್ಬರು ಸ್ಕೇಟರ್‌ಗಳನ್ನು ಹೋಲಿಸುವುದಾದರೆ ಒಂದೇ ಅಳತೆಗೋಲು ಹಿಡಿಯಿರಿ. ಎದುರಾಳಿಯ ಲಟ್ಸನ್ನು ನಿಧಾನಗತಿಯಲ್ಲಿ, ನಿಮ್ಮವರದ್ದನ್ನು ಪೂರ್ಣ ವೇಗದಲ್ಲಿ ತೋರಿಸಿದರೆ ಬಲ್ಲವರು ಅಲ್ಲೇ ಮುಚ್ಚಿಡುತ್ತಾರೆ. ಅನುಮಾನ ಬಂದಾಗ ಸ್ಕೇಟರ್ ಪರವಾಗಿ ನಿರ್ಧರಿಸಬೇಕು ಎಂಬುದು ತಾಂತ್ರಿಕ ಸಮಿತಿಗೆ ಇರುವ ಸೂಚನೆ. ನಿಮ್ಮ ಚಿತ್ರ 'ಅನುಮಾನ' ತೋರಿಸಿದರೆ ಸಾಲದು, ಅನುಮಾನಕ್ಕೆ ಎಡೆಯಿಲ್ಲದ ತಪ್ಪನ್ನು ತೋರಿಸಬೇಕು.

ಕೊನೆಗೆ ಅಂಕಕ್ಕೆ ಇಳಿಸಿ ಬರೆಯಿರಿ. 'ಈ ಟೋ ಜಿಗಿತಕ್ಕೆ ಕೊರತೆಯ ಗುರುತು ಬಿದ್ದಿದ್ದರೆ ಮೂಲ ಅಂಕದಲ್ಲಿ 1.2 ಹೋಗುತ್ತಿತ್ತು' ಎಂಬ ಒಂದು ಸಾಲು 'ಹಗಲು ದರೋಡೆ' ಎಂಬ ನೂರು ಸಾಲಿಗಿಂತ ದೂರ ಹೋಗುತ್ತದೆ.

ಒಟ್ಟಿನಲ್ಲಿ ಆ ಚಳವಳಿಯಿಂದ ಏನಾದರೂ ಬದಲಾಯಿತೇ?
— ತುಮಕೂರು

ಬದಲಾಯಿತು, ನಿಧಾನಕ್ಕೆ. ಗುಟ್ಟಿನ ತೀರ್ಪು ಹೋಗಬೇಕು ಎಂದು ಸೋಚಿಯಲ್ಲೇ ಅಮೆರಿಕದ ಸ್ಪರ್ಧಿ ಆಶ್ಲಿ ವ್ಯಾಗ್ನರ್ ಬಹಿರಂಗವಾಗಿ ಹೇಳಿದ್ದರು. 2016ರ ಸಮ್ಮೇಳನದಲ್ಲಿ ಐಎಸ್‌ಯು ಅದನ್ನು ರದ್ದು ಮಾಡಿತು. ಈಗ ಯಾವ ಕಾಲಂ ಯಾರದ್ದು ಎಂದು ಎಲ್ಲರಿಗೂ ಕಾಣುತ್ತದೆ. ಅದರ ಫಲ 2018ರಲ್ಲೇ ಸಿಕ್ಕಿತು. ಪ್ಯಾಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ತಮ್ಮ ದೇಶದವರಿಗೆ ಒಲವು ತೋರಿದ ಇಬ್ಬರು ಚೀನೀ ತೀರ್ಪುಗಾರರಲ್ಲಿ ಚೆನ್ ವೈಗುವಾಂಗ್‌ಗೆ ಎರಡು ವರ್ಷ, ಹುವಾಂಗ್ ಫೆಂಗ್‌ಗೆ ಒಂದು ವರ್ಷ ಅಮಾನತಾಯಿತು, 2022ರ ಬೀಜಿಂಗ್ ಒಲಿಂಪಿಕ್ಸ್‌ನಿಂದಲೂ ದೂರವಿಟ್ಟರು. ಗುಟ್ಟಿನ ಪದ್ಧತಿ ಉಳಿದಿದ್ದರೆ ಹೊರಗಿನವರು ಈ ಒಲವನ್ನು ಲೆಕ್ಕ ಹಾಕಿ ತೋರಿಸಲು ಆಗುತ್ತಿರಲಿಲ್ಲ. 2018–19ರಿಂದ ಗುಣಾಂಕ -5ರಿಂದ +5ಕ್ಕೆ ಹಿಗ್ಗಿತು, 2022–23ರಿಂದ ಪ್ರದರ್ಶನದ ಐದು ಘಟಕ ಮೂರಾದವು. ಹಳೆಯ ಅಂಕವನ್ನೂ ಹೊಸ ಅಂಕವನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ.

ಸೊಟ್ನಿಕೊವಾಗೆ ಈಗಲೂ ಕೆಟ್ಟ ಮಾತು ಬರೆಯುತ್ತಾರೆ. ಅದು ಸರಿಯೇ?
— ಚಿಕ್ಕಮಗಳೂರಿನ ಗೃಹಿಣಿ

ಸರಿಯಲ್ಲ ತಾಯಿ. ಅಂಕ ಕೊಟ್ಟವರು ಬೇರೆ, ಸ್ಕೇಟ್ ಮಾಡಿದ ಹುಡುಗಿ ಬೇರೆ. ಅದೇ ಸೋಚಿಯಲ್ಲಿ ಶಾರ್ಟ್ ಟ್ರ್ಯಾಕ್ ಸ್ಪೀಡ್ ಸ್ಕೇಟಿಂಗ್ ಫೈನಲ್‌ನಲ್ಲಿ ಕೊರಿಯಾದ ಸ್ಪರ್ಧಿ ಸೇರಿದಂತೆ ಇಬ್ಬರು ಬೀಳಲು ಕಾರಣರಾದ ಬ್ರಿಟನ್ನಿನ ಎಲೀಸ್ ಕ್ರಿಸ್ಟಿಗೆ ಕೊಲೆ ಬೆದರಿಕೆಗಳು ಬಂದು, ಆಕೆ ಟ್ವಿಟರ್ ಖಾತೆಯನ್ನೇ ಮುಚ್ಚಬೇಕಾಯಿತು. ಬೆದರಿಕೆಯ ಸುದ್ದಿ ಹರಡಿದ ಕೂಡಲೇ ಮೂಲ ದೂರು ಹಿಂದೆ ಸರಿಯುತ್ತದೆ, ಅಭಿಮಾನಿಗಳೇ ಆರೋಪಿಗಳಾಗುತ್ತಾರೆ. ಅಂಥದ್ದು ಕಂಡರೆ ಉತ್ತರಿಸಲು ಹೋಗದೆ ಅಲ್ಲೇ ರಿಪೋರ್ಟ್ ಮಾಡಿ.

ನನ್ನ ಮಗಳು ಆರ್ಟಿಸ್ಟಿಕ್ ರೋಲರ್ ಸ್ಕೇಟಿಂಗ್ ಮಾಡುತ್ತಾಳೆ. ಅಂಕ ಕಡಿಮೆ ಬಂತೆಂದು ಅನಿಸಿದಾಗ ಪೋಷಕರು ಏನು ಮಾಡಬಹುದು?
— ಬೆಳಗಾವಿ

ಅಲ್ಲೂ ಈಗ 'ರೋಲ್‌ಆರ್ಟ್' ಎಂಬ ಪದ್ಧತಿ ಬಂದಿದೆ, ಐಸ್ ಸ್ಕೇಟಿಂಗ್‌ನದ್ದೇ ಹೋಲಿಕೆ: ಮೂಲ ಅಂಕ, -3ರಿಂದ +3ರವರೆಗೆ ಗುಣಾಂಕ, ಕೆಳಗೆ ಕಲಾತ್ಮಕ ಘಟಕಗಳು, ಪಕ್ಕದಲ್ಲಿ ತಾಂತ್ರಿಕ ಸಮಿತಿ.

ಸ್ಪರ್ಧೆಗೆ ಮೊದಲೇ ಆಯೋಜಕರಿಂದ ನಿಯಮದ ಪ್ರತಿ ತರಿಸಿಕೊಳ್ಳಿ. ಪ್ರತಿಭಟನೆಗೆ ಎಷ್ಟು ಸಮಯ, ಶುಲ್ಕವೆಷ್ಟು, ಯಾರ ಸಹಿ ಬೇಕು ಎಂಬ ಮೂರು ಸಾಲಿಗೆ ಗೆರೆ ಎಳೆದಿಡಿ. ಮಗಳು ಮಾಡಲಿರುವ ಅಂಶಗಳ ಪಟ್ಟಿಯನ್ನು ಕೋಚ್ ಬಳಿ ಬರೆಸಿಕೊಂಡು ಕೈಯಲ್ಲಿಟ್ಟುಕೊಳ್ಳಿ. ತೀರ್ಪುಗಾರರ ಮೇಜಿನ ಹಿಂಬದಿಯಿಂದ, ಮೊಬೈಲ್ ಅಡ್ಡ ಹಿಡಿದು, ಜೂಮ್ ಮಾಡದೆ ಪೂರ್ತಿ ಕಾರ್ಯಕ್ರಮ ಚಿತ್ರೀಕರಿಸಿ. ಅಂಕಪಟ್ಟಿ ಬಂದ ಕೂಡಲೇ ಪಟ್ಟಿಯಲ್ಲಿರುವ ಜಿಗಿತಗಳ ಹೆಸರು ನಿಮ್ಮ ಪಟ್ಟಿಗೆ ತಾಳೆಯಾಗುತ್ತದೆಯೇ, ಕೂಡಿದ ಮೊತ್ತ ಸರಿಯಿದೆಯೇ ಎಂದು ಎರಡೇ ವಿಷಯ ನೋಡಿ. ಮೊತ್ತ ತಪ್ಪಿದ್ದರೆ ಕೋಚ್ ಮೂಲಕ ಕೂಡಲೇ ಬರಹದಲ್ಲಿ ಕೊಡಿ. ಅಂಶವನ್ನು ಬೇರೆಯಾಗಿ ಗುರುತಿಸಿದ್ದರೆ ಸ್ಪರ್ಧೆ ಮುಗಿದ ಮೇಲೆ ತಾಂತ್ರಿಕ ಸಮಿತಿಯವರ ಬಳಿ ಕೋಚ್ ವಿವರಣೆ ಕೇಳಲಿ. ಪದಕ ಬದಲಾಗದಿದ್ದರೂ, ಸುತ್ತು ಎಲ್ಲಿ ಕಡಿಮೆಯಾಯಿತು ಎಂಬುದು ಮುಂದಿನ ಅಭ್ಯಾಸಕ್ಕೆ ಸಿಗುತ್ತದೆ. ಈ ಮಾತುಕತೆ ಮಗಳ ಎದುರಿಗೆ ಬೇಡ. ಅವಳನ್ನು ಅಷ್ಟು ಹೊತ್ತು ಗೆಳತಿಯರ ಜೊತೆ ಬಿಡಿ.